ಬೋಟಿನ ಸೆಲ್ಫ್ ಮೋಟರ್: ರಿಪೇರಿ ಮಾಡಿಸುವುದೋ, ಹೊಸತು ಹಾಕುವುದೋ?

ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ, ಮಲ್ಪೆಯ ದಕ್ಕೆಯಲ್ಲಿ (ಬೋಟು ನಿಲ್ಲುವ ಬಂದರು ಕಟ್ಟೆಯಲ್ಲಿ) ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ಬಲೆ ಹೆಣೆಯುವವರು ಬಲೆ ಹೆಣೆಯುತ್ತಾರೆ, ಬಣ್ಣ ಬಳಿಯುವವರು ಬಿಸಿಲು ಬಿದ್ದ ದಿನ ನೋಡಿ ಬಣ್ಣ ಬಳಿಯುತ್ತಾರೆ. ಎಂಜಿನ್ನಿಗೆ ಆಯಿಲ್, ಫಿಲ್ಟರ್, ಡೀಸೆಲ್ ಚಿಮ್ಮಿಸುವ ನಾಝಲ್ ಎಲ್ಲ ಆಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ಹೋದ ಸೀಸನ್ನಿನ ಕೊನೆಯ ದಿನ ಅದು ಸ್ಟಾರ್ಟ್ ಮಾಡಿತ್ತಲ್ಲ ಎಂಬ ಧೈರ್ಯ. ಅದೇ ಮೋಟರ್ ಅಕ್ಟೋಬರಿನಲ್ಲಿ, ಹತ್ತು ದಿನದ ಮೀನುಗಾರಿಕೆಗೆ ಹೊರಟ ಮೇಲೆ ಕೈಕೊಟ್ಟರೆ ತಂಡೇಲನ (ಬೋಟು ನಡೆಸುವವನ) ಮುಂದೆ ಇರುವುದು ಒಂದೇ ದಾರಿ: ಇನ್ನೊಂದು ಬೋಟು ಹಗ್ಗ ಕೊಟ್ಟು ಎಳೆದು ತರಬೇಕು. ಆ ಬೋಟಿನ ಮೀನೂ ಹೋಯಿತು, ನಮ್ಮದೂ ಹೋಯಿತು. ಮುನ್ನೂರು ಚಿಲ್ಲರೆ ಎಚ್‌ಪಿಯ ಎಂಜಿನ್ನನ್ನು ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವುದು ಆಗದ ಮಾತು.

ಪುಸ್ತಕದಲ್ಲಿ ಸ್ಟಾರ್ಟರ್ ಮೋಟರ್ ಎಂದಿದ್ದರೂ ದಕ್ಕೆಯಲ್ಲಿ ಎಲ್ಲರ ಬಾಯಲ್ಲೂ ಅದು ಸೆಲ್ಫ್. ಅದು ಸರಿಯಿಲ್ಲ ಅನ್ನಿಸಿದಾಗ ಕೇಳುವ ಪ್ರಶ್ನೆ ಒಂದೇ: ರಿಪೇರಿಯೋ, ಹೊಸತೋ? ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ನನ್ನ ಉತ್ತರ ಹೀಗೆ: ಸವೆದದ್ದನ್ನು ರಿಪೇರಿ ಮಾಡಿಸಿ, ಸುಟ್ಟದ್ದನ್ನೂ ಉಪ್ಪು ತಿಂದದ್ದನ್ನೂ ಬದಲಿಸಿ. ಆದರೆ ಸವೆದಿದೆಯೋ ಸುಟ್ಟಿದೆಯೋ ಎಂದು ತಿಳಿಯಲು ಬಿಚ್ಚಬೇಕು, ಬಿಚ್ಚುವ ಮೊದಲು ತಪ್ಪು ಸೆಲ್ಫಿನದ್ದೇ ಎಂದು ಖಾತ್ರಿಯಾಗಬೇಕು. ಅಲ್ಲೇ ಹೆಚ್ಚಿನವರ ದುಡ್ಡು ಹಾಳಾಗುವುದು. ಹಾಗಾಗಿ ಆ ಭಾಗವನ್ನೇ ಉದ್ದಕ್ಕೆ ಬರೆಯುತ್ತೇನೆ. ಇದು ಒಳಗಿನ ಡೀಸೆಲ್ ಎಂಜಿನ್ನುಗಳ ಮಾತು; ನಾಡದೋಣಿಯ ಔಟ್‌ಬೋರ್ಡ್ ಮೋಟರಿನ ಲೆಕ್ಕ ಬೇರೆ.

ಮೊದಲು ಕಿವಿ ಕೊಡಿ

ಒಬ್ಬರನ್ನು ವೀಲ್‌ಹೌಸಿನಲ್ಲಿ ನಿಲ್ಲಿಸಿ, ನೀವು ಎಂಜಿನ್ ರೂಮಿಗೆ ಇಳಿಯಿರಿ. ಅವರು ಬಟನ್ ಒತ್ತಲಿ.

ಟಕ್ ಎಂದು ಒಮ್ಮೆ ಗಟ್ಟಿ ಶಬ್ದ ಬಂದು ಸುಮ್ಮನಾದರೆ ಸೊಲೆನಾಯ್ಡ್ (ಸೆಲ್ಫಿನ ಹಲ್ಲುಚಕ್ರವನ್ನು ಮುಂದೆ ತಳ್ಳಿ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಎಳೆದಿದೆ, ಮೋಟರಿಗೆ ಕರೆಂಟ್ ಹೋಗಿಲ್ಲ, ಅಥವಾ ಹೋದರೂ ತಿರುಗಿಸಲು ಆಗಿಲ್ಲ. ಟಕಟಕಟಕ ಎಂದು ಬಡಿದುಕೊಂಡರೆ ಬ್ಯಾಟರಿ ಸೋತಿದೆ ಅಥವಾ ಕೇಬಲಿನ ಜೋಡಣೆ ಕೆಟ್ಟಿದೆ. ಈ ಶಬ್ದ ಕೇಳಿ ಸೆಲ್ಫ್ ಬಿಚ್ಚಬೇಡಿ. ಗುಂಯ್ ಎಂದು ಮೋಟರ್ ಮಾತ್ರ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್ (ಪಿನಿಯನ್ನನ್ನು ಒಂದೇ ಕಡೆಗೆ ಹಿಡಿದು ತಿರುಗಿಸುವ ಭಾಗ) ಜಾರುತ್ತಿದೆ, ಇಲ್ಲವೇ ಪಿನಿಯನ್, ಅಂದರೆ ಸೆಲ್ಫಿನ ತುದಿಯ ಸಣ್ಣ ಹಲ್ಲುಚಕ್ರ, ಮುಂದೆ ಬರುತ್ತಿಲ್ಲ. ಕರಕರ ಎಂದು ಹಲ್ಲು ಕಡಿದ ಸದ್ದು ಬಂದರೆ ಪಿನಿಯನ್ನೋ ಫ್ಲೈವೀಲಿನ ರಿಂಗ್ ಗೇರೋ (ಎಂಜಿನ್ನಿನ ಭಾರದ ಚಕ್ರದ ಸುತ್ತಲಿನ ಹಲ್ಲಿನ ಬಳೆ) ಸವೆದಿದೆ. ನಿಧಾನಕ್ಕೆ, ನರಳಿದ ಹಾಗೆ ತಿರುಗಿದರೆ ಕಾರಣ ಹಲವಾರು; ಅದನ್ನು ಅಳತೆ ಮಾಡಿಯೇ ಹೇಳಬೇಕು.

ಮೀಟರ್ ಇಲ್ಲದಿದ್ದರೆ ಎಂಜಿನ್ ರೂಮಿನ ಬಲ್ಬ್ ನೋಡಿ. ಅದು ಅದೇ ಬ್ಯಾಟರಿಯಿಂದ ಉರಿಯುತ್ತಿರಬೇಕು. ಬಟನ್ ಒತ್ತಿದಾಗ ಬಲ್ಬ್ ಆರಿಯೇ ಹೋದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಜೋಡಣೆ ಸಡಿಲವಿದೆ, ಅಥವಾ ಮೋಟರೋ ಎಂಜಿನ್ನೋ ಬಿಗಿದು ನಿಂತಿದೆ. ಬಲ್ಬ್ ಚೂರೂ ಮಂಕಾಗದೆ ಉರಿದರೆ ಕರೆಂಟ್ ಮೋಟರಿನೊಳಗೆ ಹೋಗುತ್ತಲೇ ಇಲ್ಲ: ಬಟನ್, ಸೊಲೆನಾಯ್ಡ್, ಅಥವಾ ಸವೆದು ಕಾಮ್ಯುಟೇಟರ್ (ತಿರುಗುವ ಭಾಗದ ಮೇಲಿನ ತಾಮ್ರದ ಪಟ್ಟಿಗಳ ಉರುಳೆ) ಮುಟ್ಟದ ಬ್ರಷ್ (ಅದಕ್ಕೆ ಕರೆಂಟ್ ಕೊಡುವ ಇಂಗಾಲದ ತುಂಡು).

ಎಂಜಿನ್ ತಿರುಗುತ್ತದೆಯೇ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಕ್ರ್ಯಾಂಕಿನ ಮುಂದಿನ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಉದ್ದ ಹ್ಯಾಂಡಲಿನಿಂದ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಸಿಲಿಂಡರಿನ ಗಾಳಿ ಒತ್ತಿಕೊಳ್ಳುವಾಗ ಕಂಪ್ರೆಷನ್ನಿನ ಬಿಗಿ ಬಂದು ಹೋಗುತ್ತದೆ, ಅದು ಸಹಜ. ಗೋಡೆಗೆ ಗುದ್ದಿದ ಹಾಗೆ ಒಂದೇ ಕಡೆ ನಿಂತರೆ ಸಿಲಿಂಡರಿನಲ್ಲಿ ನೀರಿರಬಹುದು. ಸಮುದ್ರದ ನೀರನ್ನು ಎಕ್ಸಾಸ್ಟಿಗೆ ಬಿಡುವ ಬೋಟುಗಳಲ್ಲಿ ಇದು ಆಗುವಂಥದ್ದೇ. ನೀರು ಕುಗ್ಗುವುದಿಲ್ಲ, ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯುತ್ತಲೇ ಇದ್ದರೆ ಸೆಲ್ಫ್ ಸುಡುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಝಲ್ ತೆಗೆದು ನೀರು ಹೊರಹಾಕಿ, ನೀರು ಎಲ್ಲಿಂದ ಬಂತೆಂದು ಹುಡುಕಿ.

ಇದೇ ಕಾರಣಕ್ಕೆ ಮುಂದಿನ ಪರೀಕ್ಷೆಗಳಲ್ಲಿ ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಲಿವರ್ ಎಳೆದು ಹಿಡಿದು ತಿರುಗಿಸುವಾಗ, ಅಂಥ ಬೋಟಿನಲ್ಲಿ ಸಮುದ್ರದ ನೀರಿನ ವಾಲ್ವ್ ಮುಚ್ಚಿಟ್ಟುಕೊಳ್ಳಿ. ಹೊಗೆಯ ಒತ್ತಡ ಇಲ್ಲದಾಗ ಪಂಪ್ ಎತ್ತಿದ ನೀರು ಹೊರಗೆ ಹೋಗದೆ ಮಫ್ಲರಿನಲ್ಲಿ ತುಂಬುತ್ತದೆ, ಅಲ್ಲಿಂದ ಸಿಲಿಂಡರಿಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ವಾಲ್ವ್ ತೆರೆಯಲು ಮರೆಯದಂತೆ ಕೀಲಿಯನ್ನು ಆ ವಾಲ್ವಿಗೇ ಕಟ್ಟಿಡಿ.

ಬ್ಯಾಟರಿ, ಕೇಬಲ್, ಅರ್ತ್

ನಮ್ಮ ಬೋಟುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್, ಅಂದರೆ 12 ವೋಲ್ಟಿನ ಎರಡು ಬ್ಯಾಟರಿಗಳ ಸರಣಿ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ತಲಾ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಆದರೆ ಸುಮ್ಮನಿದ್ದಾಗಿನ ವೋಲ್ಟ್ ನೋಡಿ ನಂಬಬೇಡಿ. ಸೆಲ್ಫ್ ಹೊಡೆಯುವಾಗಲೇ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಪ್ರತಿಯೊಂದೂ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಒಂದು 10.5ರಲ್ಲಿ ನಿಂತು ಇನ್ನೊಂದು 7ಕ್ಕೆ ಕುಸಿದರೆ ಆ ಎರಡನೆಯದೇ ಕಳ್ಳ. ಎರಡನ್ನೂ ಸೇರಿಸಿ ಅಳೆದರೆ ಈ ಕಳ್ಳ ಸಿಗುವುದಿಲ್ಲ.

ಬ್ಯಾಟರಿ ಗಟ್ಟಿ ಇದ್ದರೆ ಈಗ ಕೇಬಲಿನ ಸರದಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಅದರ ಒಂದು ವಯರಿನ ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದನ್ನು ಸೆಲ್ಫಿನ ದೊಡ್ಡ ಬೋಲ್ಟಿಗೆ ಒತ್ತಿ ಹಿಡಿಯಿರಿ. ಲಗ್ಗಿಗಲ್ಲ (ಕೇಬಲಿನ ತುದಿಯ ಲೋಹದ ಬಳೆಗಲ್ಲ), ಕಂಬಕ್ಕೇ ಮತ್ತು ಬೋಲ್ಟಿಗೇ. ಸೆಲ್ಫ್ ಹೊಡೆಯುವಾಗ ಮೀಟರ್ ತೋರಿಸುವಷ್ಟು ವೋಲ್ಟ್ ದಾರಿಯಲ್ಲಿ ಸೋರಿಹೋಗುತ್ತಿದೆ ಎಂದರ್ಥ. 12 ವೋಲ್ಟಿನ ಬೋಟಿನಲ್ಲಿ ಇದು ಅರ್ಧ ವೋಲ್ಟ್ ಮೀರಬಾರದು, 24 ವೋಲ್ಟಿನಲ್ಲಿ ಒಂದು ವೋಲ್ಟ್. ಹಾಗೆಯೇ ಬ್ಯಾಟರಿಯ ನೆಗೆಟಿವ್ ಕಂಬದಿಂದ ಸೆಲ್ಫಿನ ಮೈಗೆ ಅಳೆಯಿರಿ. ಇಲ್ಲಿ ಇನ್ನೂ ಕಡಿಮೆ ಇರಬೇಕು. ಮೂರನೆಯದು ಸೊಲೆನಾಯ್ಡಿನ ಎರಡು ದೊಡ್ಡ ಬೋಲ್ಟುಗಳ ನಡುವೆ: 0.3 ವೋಲ್ಟ್ ಮೀರಿದರೆ ಒಳಗಿನ ತಾಮ್ರದ ಸಂಪರ್ಕ ಸುಟ್ಟಿದೆ.

ಒಂದು ಸಲ ನಾನು ಈ ಅಳತೆ ಬಿಟ್ಟು, ನಿಧಾನಕ್ಕೆ ತಿರುಗುತ್ತಿದ್ದ ಸೆಲ್ಫನ್ನು ಇಳಿಸಿ ಹೊಸ ಬ್ರಷ್, ಹೊಸ ಬುಷ್ (ಶಾಫ್ಟ್ ಕೂತು ತಿರುಗುವ ಕಂಚಿನ ಬಳೆ) ಹಾಕಿ ಕೊಟ್ಟಿದ್ದೆ. ಕೂರಿಸಿದ ಮೇಲೂ ಅದೇ ನರಳಾಟ. ಕೊನೆಗೆ ನೆಗೆಟಿವ್ ಕೇಬಲಿನ ಲಗ್ಗಿನ ಹಿಂದೆ ಪ್ಲಾಸ್ಟಿಕ್ ಸೀಳಿ ನೋಡಿದರೆ ಒಳಗಿನ ತಾಮ್ರವೆಲ್ಲ ಹಸಿರು ಹುಡಿ. ಹೊರಗೆ ಲಗ್ ಪಳಪಳ ಹೊಳೆಯುತ್ತಿತ್ತು. ಉಪ್ಪುಗಾಳಿ ಕೇಬಲಿನೊಳಗೆ ಅಡಿಗಟ್ಟಲೆ ತೆವಳಿ ಹೋಗುತ್ತದೆ. ಅಂದಿನಿಂದ ಮೂರು ವೋಲ್ಟೇಜುಗಳನ್ನು ಬರೆದುಕೊಳ್ಳದೆ ನಾನು ಯಾವ ಸೆಲ್ಫಿಗೂ ಸ್ಪ್ಯಾನರ್ ಹಾಕಿಲ್ಲ.

ಇನ್ನೊಂದು ಜಾಗ ಉಳಿದಿದೆ. ವೀಲ್‌ಹೌಸಿನ ಬಟನ್ನಿನಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ ಬರುವ ತೆಳು ವಯರ್ ಉದ್ದವಾಗಿರುತ್ತದೆ, ಹತ್ತು ಕಡೆ ತೇಪೆ ಇರುತ್ತದೆ. ಅಲ್ಲಿಗೆ ಬರುವ ವೋಲ್ಟ್ ಕಡಿಮೆಯಾದರೆ ಸೊಲೆನಾಯ್ಡ್ ಅರ್ಧ ಎಳೆದು ಬಿಡುತ್ತದೆ. ಪರೀಕ್ಷೆ ಸುಲಭ: ಗೇರ್ ನ್ಯೂಟ್ರಲಿನಲ್ಲಿದೆ ಎಂದು ನೋಡಿಕೊಂಡು, ಸೆಲ್ಫಿನ ದೊಡ್ಡ ಪಾಸಿಟಿವ್ ಬೋಲ್ಟಿನಿಂದ ಆ ಸಣ್ಣ ಟರ್ಮಿನಲ್ಲಿಗೆ ಒಂದು ಪುಶ್ ಸ್ವಿಚ್ ಮೂಲಕ ನೇರ ಕರೆಂಟ್ ಕೊಡಿ. ಗಟ್ಟಿಯಾಗಿ ತಿರುಗಿದರೆ ಸೆಲ್ಫ್ ಚೆನ್ನಾಗಿದೆ. ಎಂಜಿನ್ನಿನ ಹತ್ತಿರ ಒಂದು ರಿಲೇ ಹಾಕಿ ವಯರ್ ಬದಲಿಸಿದರೆ ಕೆಲಸ ಮುಗಿಯಿತು.

ಸುತ್ತಿಗೆಯಿಂದ ಸೆಲ್ಫಿನ ಮೈಗೆ ತಟ್ಟಿ ಸ್ಟಾರ್ಟ್ ಮಾಡುವುದು ದಕ್ಕೆಯಲ್ಲಿ ಎಲ್ಲರಿಗೂ ಗೊತ್ತು. ಹಾಗೆ ತಟ್ಟಿದಾಗ ತಿರುಗಿತೆಂದರೆ ಬ್ರಷ್ ಸವೆದಿದೆ ಅಥವಾ ಸಿಕ್ಕಿಕೊಂಡಿದೆ ಎಂದು ತಿಳಿಯಿತು, ಅಷ್ಟೇ. ಆ ಬೋಟನ್ನು ಅಳಿವೆ ದಾಟಿಸಿ ಸಮುದ್ರಕ್ಕೆ ಒಯ್ಯಬೇಡಿ. ಒಳಗೆ ಕಾಯಂ ಆಯಸ್ಕಾಂತ ಇರುವ ಹೊಸ ಮಾದರಿಯ ಸಣ್ಣ ಸೆಲ್ಫಿಗೆ ಪೆಟ್ಟು ಕೊಡಲೇಬಾರದು, ಆಯಸ್ಕಾಂತ ಒಡೆಯುತ್ತದೆ.

ಇಳಿಸುವುದು

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ವಯರುಗಳಿಗೆ ಗುರುತು ಹಾಕಿ, ಫೋಟೋ ತೆಗೆಯಿರಿ. ದೊಡ್ಡ ಎಂಜಿನ್ನಿನ ಸೆಲ್ಫ್ 20 ಕಿಲೋ ಆಸುಪಾಸು ತೂಗಬಹುದು, ಅದಕ್ಕಾಗಿ ಕೊನೆಯ ಬೋಲ್ಟ್ ತೆಗೆಯುವ ಮೊದಲು ಕೆಳಗೆ ಮರದ ತುಂಡು ಕೊಡಿ. ಫ್ಲ್ಯಾಂಜಿನ (ಸೆಲ್ಫ್ ಎಂಜಿನ್ನಿಗೆ ಕೂರುವ ಚಪ್ಪಟೆ ಅಂಚಿನ) ನಡುವೆ ತೆಳು ತಗಡು ಇದ್ದರೆ ಎಸೆಯಬೇಡಿ, ಪಿನಿಯನ್ನಿನ ಅಂತರ ಅದರ ಮೇಲಿದೆ.

ಸೆಲ್ಫ್ ಹೊರಬಂದ ತೂತಿನಿಂದ ಟಾರ್ಚ್ ಬಿಟ್ಟು ರಿಂಗ್ ಗೇರಿನ ಪೂರ್ತಿ ಸುತ್ತನ್ನು ನೋಡಿ. ಎಂಜಿನ್ ಆಫ್ ಆದಾಗ ಕಂಪ್ರೆಷನ್ನಿನ ಎದುರು ಬಂದು ನಿಲ್ಲುವುದರಿಂದ ನಾಲ್ಕು ಸಿಲಿಂಡರಿನದ್ದು ಸಾಮಾನ್ಯವಾಗಿ ಎರಡು ಜಾಗದಲ್ಲಿ, ಆರು ಸಿಲಿಂಡರಿನದ್ದು ಮೂರು ಜಾಗದಲ್ಲಿ ಮಾತ್ರ ನಿಲ್ಲುತ್ತದೆ. ಹಲ್ಲು ಸವೆಯುವುದೂ ಅಲ್ಲೇ. ಅದಕ್ಕೇ ಫ್ಲೈವೀಲ್ ತಿರುಗಿಸದೆ ಒಂದೇ ಕಡೆ ನೋಡಿದರೆ ಚೆನ್ನಾಗಿದೆ ಅನ್ನಿಸುತ್ತದೆ. ಸವೆದ ರಿಂಗ್ ಗೇರಿಗೆ ಹೊಸ ಸೆಲ್ಫ್ ಹಾಕಿದರೆ ಹೊಸ ಪಿನಿಯನ್ ಒಂದೇ ಸೀಸನ್ನಿನಲ್ಲಿ ಹಾಳು. ರಿಂಗ್ ಗೇರ್ ಬದಲಿಸುವುದು ಗೇರ್‌ಬಾಕ್ಸ್ ಸರಿಸಿ ಮಾಡಬೇಕಾದ ಕೆಲಸವಾದ್ದರಿಂದ ಮಳೆಗಾಲದಲ್ಲೇ ಆಗಬೇಕು.

ಮೇಜಿನ ಮೇಲೆ ಬಿಚ್ಚಿಟ್ಟಾಗ

ತೀರ್ಮಾನ ಆಗುವುದು ಇಲ್ಲಿ. ನಿಮ್ಮ ಎದುರೇ ಬಿಚ್ಚಲು ಹೇಳಿ, ಅರ್ಧ ಗಂಟೆ ಕೂತು ನೋಡಿ. ಹೊರಮೈಯಿಂದ ಶುರುಮಾಡಿ. ಪಿನಿಯನ್ ಇರುವ ಮುಂದಿನ ಅಲ್ಯೂಮಿನಿಯಂ ಮೂತಿಯಲ್ಲಿ ಬಿರುಕು ಇದೆಯೇ? ಬೋಲ್ಟ್ ಕೂರುವ ಕಿವಿ ಉಪ್ಪು ತಿಂದು ಬಿಳಿ ಹುಡಿಯಾಗಿದೆಯೇ? ಕಬ್ಬಿಣದ ಮೈ ಪದರ ಪದರವಾಗಿ ಏಳುತ್ತಿದೆಯೇ? ಇದ್ದರೆ ಒಳಗೆ ನೋಡುವ ಅಗತ್ಯವೇ ಇಲ್ಲ, ಹೊಸತು ತನ್ನಿ.

ಮೈ ಗಟ್ಟಿ ಇದ್ದರೆ ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ) ಹೊರಗೆ ತೆಗೆದು ಮೂಸಿ ನೋಡಿ. ಸುಟ್ಟ ವಾರ್ನಿಶಿನ ವಾಸನೆ ಮರೆಯುವಂಥದ್ದಲ್ಲ. ಕಾಮ್ಯುಟೇಟರಿನ ತಾಮ್ರದ ಪಟ್ಟಿಗಳು ಮೇಲೆದ್ದಿದ್ದರೆ, ಬೆಸುಗೆ ಕರಗಿ ಎರಚಿದ್ದರೆ ಅದು ಸುಟ್ಟ ಆರ್ಮೇಚರ್. ಕಣ್ಣಿಗೆ ಕಾಣದ ಶಾರ್ಟ್ ಇದ್ದರೆ ಗ್ರೌಲರ್ (ಆರ್ಮೇಚರ್ ಪರೀಕ್ಷಿಸುವ ವಿದ್ಯುತ್ ಆಯಸ್ಕಾಂತ) ಮೇಲಿಟ್ಟು ಹ್ಯಾಕ್ಸಾ ಬ್ಲೇಡ್ ಹಿಡಿದು ತಿರುಗಿಸಿದಾಗ ಆ ಜಾಗದಲ್ಲಿ ಬ್ಲೇಡ್ ನಡುಗುತ್ತದೆ. ತಾಮ್ರದಿಂದ ಶಾಫ್ಟಿಗೆ, ಫೀಲ್ಡ್ ಕಾಯಿಲಿನಿಂದ (ಮೈಯೊಳಗೆ ಕದಲದೆ ಇರುವ ತಂತಿಯ ಸುರುಳಿಯಿಂದ) ಮೈಗೆ ಕರೆಂಟ್ ಹರಿಯಬಾರದು. ಮಳೆಗಾಲದ ತೇವದಲ್ಲಿ ಈ ಪರೀಕ್ಷೆ ಸುಳ್ಳು ಹೇಳಬಹುದು. ತಗಡಿನ ಡಬ್ಬಿಯಲ್ಲಿ 100 ವ್ಯಾಟಿನ ಬಲ್ಬ್ ಉರಿಸಿ ಆರ್ಮೇಚರನ್ನು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಮತ್ತೆ ಅಳೆಯಿರಿ. ತೇವ ಮಾತ್ರ ಇದ್ದರೆ ಅಳತೆ ಸರಿಯಾಗುತ್ತದೆ, ಒಳಗೆ ಉಪ್ಪು ಕೂತಿದ್ದರೆ ಆಗುವುದಿಲ್ಲ.

ಕಾಮ್ಯುಟೇಟರ್ ಬರೀ ಕಪ್ಪಾಗಿದ್ದರೆ, ತೆಳು ಗೀರು ಇದ್ದರೆ ಲೇತಿನಲ್ಲಿ ತೆಳುವಾಗಿ ಒಂದು ಸಲ ಕೆರೆದು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಸಾಕು. ಎಷ್ಟು ತೆಳುವಾಗುವ ತನಕ ತೆಗೆಯಬಹುದೆಂದು ಆ ಮಾದರಿಯ ಪುಸ್ತಕದಲ್ಲಿರುತ್ತದೆ. ಪಟ್ಟಿಗಳ ನಡುವಿನ ಅಭ್ರಕವನ್ನು ಕೆಳಗೆ ಕೊರೆಯುವ ವಿಷಯದಲ್ಲಿ ಜಾಗ್ರತೆ ಬೇಕು: ಕೆಲವು ಕಂಪನಿಗಳ ಮೋಟರಿಗೆ ಅರ್ಧ ಮಿಲಿಮೀಟರಿನಷ್ಟು ಕೊರೆಯಬೇಕು, ಲೂಕಾಸಿನ ಹಲವು ಹಳೆಯ ಮಾದರಿಗಳಲ್ಲಿ ಕೊರೆಯಲೇಬಾರದು. ಎಲ್ಲವನ್ನೂ ಒಂದೇ ರೀತಿ ಕೊರೆದುಬಿಡುವ ಕೈ ಒಳ್ಳೆಯ ಕೈ ಅಲ್ಲ.

ಬುಷ್ ಸವೆದರೆ ಆರ್ಮೇಚರ್ ಒಂದು ಬದಿಗೆ ವಾಲಿ ಫೀಲ್ಡಿನ ಕಬ್ಬಿಣಕ್ಕೆ ಉಜ್ಜುತ್ತದೆ. ಆರ್ಮೇಚರಿನ ಮೈಮೇಲೆ ಹೊಳೆಯುವ ಗೀರು ಕಂಡರೆ ಅದೇ. ಗೀರು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಬುಷ್ ಬದಲಿಸಿದರಾಯಿತು; ತಗಡುಗಳು ಹರಡಿ ತಂತಿ ತನಕ ಹೋಗಿದ್ದರೆ ಆರ್ಮೇಚರ್ ಹೋಯಿತು. ಹೊಸ ಬುಷ್ ಕಂಚಿನ ಹುಡಿಯಿಂದ ಮಾಡಿದ್ದು, ಅದರ ಮೈಯಲ್ಲಿ ಸೂಕ್ಷ್ಮ ತೂತುಗಳಿರುತ್ತವೆ. ಹಾಕುವ ಮೊದಲು 24 ಗಂಟೆ ಎಂಜಿನ್ ಆಯಿಲಿನಲ್ಲಿ ಮುಳುಗಿಸಿಡಬೇಕು. ಕೂರಿಸಿದ ಮೇಲೆ ರೀಮರ್ ಹಾಕಿ ಕೆರೆದರೆ ಆ ತೂತುಗಳು ಮುಚ್ಚಿ ಆಯಿಲ್ ಬರುವುದು ನಿಲ್ಲುತ್ತದೆ.

ಬೆಂಡಿಕ್ಸನ್ನು ಕೈಯಲ್ಲಿ ತಿರುಗಿಸಿ: ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ಗಟ್ಟಿ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಬದಲಿಸಿ. ಅದನ್ನು ಡೀಸೆಲಿನಲ್ಲೋ ಸೀಮೆಎಣ್ಣೆಯಲ್ಲೋ ಮುಳುಗಿಸಿ ತೊಳೆಯಬೇಡಿ, ಒಳಗಿನ ಗ್ರೀಸ್ ಕೊಚ್ಚಿಹೋಗುತ್ತದೆ, ಬಟ್ಟೆಯಿಂದ ಒರೆಸಿದರೆ ಸಾಕು. ಬ್ರಷ್ ಹೊಸದರ ಅರ್ಧ ಉದ್ದಕ್ಕೆ ಇಳಿದಿದ್ದರೆ ಬದಲಿಸಿ, ಜೊತೆಗೆ ಸ್ಪ್ರಿಂಗೂ.

ಈಗ ತೀರ್ಮಾನ

ಬ್ರಷ್, ಬುಷ್, ಬೆಂಡಿಕ್ಸ್, ಸೊಲೆನಾಯ್ಡ್: ಈ ನಾಲ್ಕರಲ್ಲಿ ಯಾವುದು ಹೋಗಿದ್ದರೂ, ನಾಲ್ಕೂ ಹೋಗಿದ್ದರೂ ರಿಪೇರಿಯೇ ಸರಿ, ಮೂಲ ಕಂಪನಿಯ ದಪ್ಪ ಮೈಯ ಹಳೆ ಸೆಲ್ಫ್ ಆಗಿದ್ದರೆ. ಆ ಮೈಯ ಎರಕ, ಆ ತಾಮ್ರದ ದಪ್ಪ ಅಗ್ಗದ ಹೊಸದರಲ್ಲಿ ಬರುವುದಿಲ್ಲ. ಆರ್ಮೇಚರ್ ಒಂದೇ ಸುಟ್ಟಿದ್ದರೆ ಕಾರ್ಖಾನೆಯ ಹೊಸ ಆರ್ಮೇಚರ್ ಸಿಗುತ್ತದೆಯೇ ಕೇಳಿ, ಸಿಕ್ಕಿದರೆ ಹಾಕಬಹುದು. ಕೈಯಿಂದ ರೀವೈಂಡಿಂಗ್ ಮಾಡಿದ ಆರ್ಮೇಚರ್ ದಡದ ಪಂಪಿಗೆ ಸರಿ, ಹತ್ತು ದಿನ ಹೊರಗಿರುವ ಬೋಟಿಗೆ ನಾನು ಹಾಕುವುದಿಲ್ಲ. ಆರ್ಮೇಚರ್ ಜೊತೆ ಫೀಲ್ಡ್ ಕಾಯಿಲೂ ಹೋಗಿದ್ದರೆ ಹೊಸತೇ. ಆಯಸ್ಕಾಂತದ, ಒಳಗೆ ಸಣ್ಣ ಗೇರುಗಳಿರುವ ಸೆಲ್ಫಿನಲ್ಲಿ ಆಯಸ್ಕಾಂತ ಬಿಟ್ಟುಕೊಂಡಿದ್ದರೂ ಹೊಸತೇ.

ದುಡ್ಡಿನ ಲೆಕ್ಕಕ್ಕೆ ನನ್ನ ಗೆರೆ: ರಿಪೇರಿಯ ಒಟ್ಟು ಖರ್ಚು ಅದೇ ದರ್ಜೆಯ ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸತು. ಅದೇ ದರ್ಜೆಯ ಎಂಬ ಮಾತು ಮುಖ್ಯ. ಮೂಲ ಕಂಪನಿಯ ಸೆಲ್ಫಿನ ರಿಪೇರಿಯನ್ನು ನಕಲಿ ಸೆಲ್ಫಿನ ಬೆಲೆಗೆ ಹೋಲಿಸಿದರೆ ಯಾವಾಗಲೂ ನಕಲಿಯೇ ಗೆಲ್ಲುತ್ತದೆ, ಮತ್ತು ಸಮುದ್ರದಲ್ಲಿ ಸೋಲುತ್ತದೆ.

ನೀರಲ್ಲಿ ಮುಳುಗಿದ ಸೆಲ್ಫ್ ಬೇರೆಯೇ ಕಥೆ. ಅದೇ ದಿನ ಇಳಿಸಿ, ಬಿಚ್ಚಿ, ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು (ಬೆಂಡಿಕ್ಸ್ ಬಿಟ್ಟು) ಒಣಗಿಸಿದರೆ ಉಳಿಯುತ್ತದೆ. ಒಂದು ವಾರ ಬಿಟ್ಟರೆ ತಂತಿಯ ನಡುವೆ ಹಸಿರು ಕೂತು ಆಸೆ ಮುಗಿಯುತ್ತದೆ. ಸೆಲ್ಫ್ ಎಂಜಿನ್ನಿನ ಕೆಳಭಾಗದಲ್ಲಿರುವ ಕಾರಣ ಬಿಲ್ಜ್ ನೀರು (ಬೋಟಿನ ತಳದಲ್ಲಿ ನಿಂತ ನೀರು) ಸ್ವಲ್ಪ ಏರಿದರೂ ಅದಕ್ಕೇ ಮೊದಲು ತಾಗುತ್ತದೆ. ಶಾಫ್ಟ್ ಗ್ಲ್ಯಾಂಡಿನ (ಪ್ರೊಪೆಲ್ಲರ್ ಶಾಫ್ಟ್ ಬೋಟಿನಿಂದ ಹೊರಹೋಗುವ ಜಾಗದ) ಸೋರಿಕೆ ನಿಲ್ಲಿಸದೆ ಹೊಸ ಸೆಲ್ಫ್ ಹಾಕಿದರೆ ಮುಂದಿನ ವರ್ಷ ಇದೇ ಖರ್ಚು.

ಹಾಗೆಯೇ ಕಾಲವೂ ತೀರ್ಮಾನಿಸುತ್ತದೆ. ಜೂನಿನಲ್ಲಿ ಕೆಟ್ಟರೆ ನಿಧಾನಕ್ಕೆ ರಿಪೇರಿ ಮಾಡಿಸಿ. ಬಂಗುಡೆ ಏಳುವ ಹೊತ್ತಿಗೆ ಕೆಟ್ಟರೆ ಹೊಸತು ಹಾಕಿ ಹೊರಡಿ, ಆದರೆ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಮೈ ಗಟ್ಟಿ ಇದ್ದರೆ ಅದನ್ನು ರಿಪೇರಿ ಮಾಡಿಸಿ ಬೋಟಿನಲ್ಲೇ ಇಡಿ. ಎರಡು ಸೆಲ್ಫ್ ಇರುವ ಬೋಟಿನ ತಂಡೇಲ ಬೇರೆ ಥರ ನಿದ್ದೆ ಮಾಡುತ್ತಾನೆ.

ಹೊಸತು ಕೊಳ್ಳುವಾಗ

ಎಂಜಿನ್ ಹೆಸರು ಹೇಳಿ ಕೇಳಬೇಡಿ, ಹಳೆಯದನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಿ. ವೋಲ್ಟ್, ಕಿಲೋವ್ಯಾಟ್, ತಿರುಗುವ ದಿಕ್ಕು, ಪಿನಿಯನ್ ಹಲ್ಲಿನ ಸಂಖ್ಯೆ ಮತ್ತು ದಪ್ಪ, ಫ್ಲ್ಯಾಂಜಿನಿಂದ ಪಿನಿಯನ್ನಿಗಿರುವ ಅಂತರ, ಬೋಲ್ಟ್ ತೂತುಗಳು, ಸೊಲೆನಾಯ್ಡ್ ಕೂರುವ ಕೋನ, ಇಷ್ಟೂ ಒಂದೇ ಇರಬೇಕು. ಹಲ್ಲು ಒಂದು ಹೆಚ್ಚುಕಡಿಮೆಯಾದರೂ ರಿಂಗ್ ಗೇರಿಗೆ ಹೊಂದುವುದಿಲ್ಲ.

ಉಕ್ಕಿನ ಬೋಟಿನವರು ಇನ್ನೊಂದನ್ನು ನೋಡಬೇಕು. ಕೆಲವು ಮರೀನ್ ಸೆಲ್ಫುಗಳಿಗೆ ನೆಗೆಟಿವ್ ಕೇಬಲಿಗೂ ಪ್ರತ್ಯೇಕ ಬೋಲ್ಟ್ ಇರುತ್ತದೆ, ಕರೆಂಟ್ ಎಂಜಿನ್ನಿನ ಮೈಯಿಂದ ಹರಿಯುವುದಿಲ್ಲ. ಬೋಟಿನ ತಗಡನ್ನು ಕರೆಂಟ್ ತಿನ್ನದಿರಲಿ ಎಂದು ಆ ವ್ಯವಸ್ಥೆ. ಅಂಥದ್ದರ ಜಾಗಕ್ಕೆ ಲಾರಿಯ ಸೆಲ್ಫ್ ಹಾಕಿದರೆ ಸ್ಟಾರ್ಟ್ ಆಗುತ್ತದೆ, ಆದರೆ ರಕ್ಷಣೆ ಹೋಗುತ್ತದೆ. ಪೆಟ್ರೋಲ್ ಇನ್‌ಬೋರ್ಡ್ ಎಂಜಿನ್ ಇರುವ ವಿಹಾರದ ಬೋಟಿನವರಂತೂ ವಾಹನದ ಸೆಲ್ಫ್ ಹಾಕಲೇಬಾರದು. ಅದರ ಬ್ರಷ್ಷಿನ ಕಿಡಿ ಎಂಜಿನ್ ರೂಮಿನ ಪೆಟ್ರೋಲ್ ಆವಿಗೆ ತಾಗಿದರೆ ಬೆಂಕಿ. ಕಿಡಿ ಹೊರಬಾರದಂತೆ ಮುಚ್ಚಿದ ಮರೀನ್ ಸೆಲ್ಫೇ ಬೇಕು.

ಕೂರಿಸುವಾಗ

ಮೊದಲು ವೈಸಿನಲ್ಲಿ ಬಿಗಿದು ಬ್ಯಾಟರಿ ಕೊಟ್ಟು ಪರೀಕ್ಷಿಸಿ, ಕೈಯಲ್ಲಿ ಹಿಡಿದರೆ ಅದು ಹಾರುತ್ತದೆ. ಹೊರೆ ಇಲ್ಲದಾಗ ಈ ಮೋಟರಿನ ವೇಗ ಏರುತ್ತಲೇ ಹೋಗುವುದರಿಂದ ಕೆಲವೇ ಸೆಕೆಂಡು ಸಾಕು. ಫ್ಲ್ಯಾಂಜ್ ಕೂರುವ ಜಾಗದ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ, ಅರ್ತ್ ಹೋಗುವುದು ಅದರಲ್ಲೇ. ಪಿನಿಯನ್ನಿಗೂ ರಿಂಗ್ ಗೇರಿಗೂ ನಡುವಿನ ಅಂತರ ಹೆಚ್ಚಿನ ಮಾದರಿಗಳಲ್ಲಿ 2ರಿಂದ 5 ಮಿಲಿಮೀಟರ್. ಬಿಗಿದ ಮೇಲೆ ಬೋಲ್ಟುಗಳಿಗೆ ವ್ಯಾಸಲಿನ್ ಸವರಿ, ರಬ್ಬರ್ ಟೊಪ್ಪಿ ಹಾಕಿ, ಮೇಲಿನಿಂದ ಹನಿ ಬೀಳದಂತೆ ಒಂದು ತಗಡಿನ ಮರೆ ಕಟ್ಟಿ.

ಸ್ಟಾರ್ಟ್ ಮಾಡುವಾಗ ಒಮ್ಮೆಗೆ 10ರಿಂದ 15 ಸೆಕೆಂಡ್, ಆಮೇಲೆ ಎರಡು ನಿಮಿಷ ಬಿಡುವು. ಡೀಸೆಲಿನಲ್ಲಿ ಗಾಳಿ ಸೇರಿ ಎಂಜಿನ್ ಹಿಡಿಯದಿದ್ದಾಗ ಬಟನ್ ಒತ್ತಿಯೇ ಇಟ್ಟು ಸೆಲ್ಫ್ ಸುಟ್ಟವರನ್ನು ನಾನು ಎಷ್ಟೋ ಕಂಡಿದ್ದೇನೆ. ಗಾಳಿಯನ್ನು ಕೈಪಂಪಿನಿಂದ ತೆಗೆಯಬೇಕು, ಸೆಲ್ಫಿನಿಂದಲ್ಲ.

ಎಲ್ಲ ಸರಿಯಾದ ದಿನವೇ ಮೂರು ವೋಲ್ಟೇಜುಗಳನ್ನೂ, ಕ್ಲ್ಯಾಂಪ್ ಮೀಟರ್ ಇದ್ದರೆ ಆಂಪಿಯರನ್ನೂ ತಾರೀಕಿನೊಂದಿಗೆ ಎಂಜಿನ್ ರೂಮಿನ ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿಡಿ. ಮುಂದಿನ ಜೂನಿನಲ್ಲಿ ಹೋಲಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಬೇಡ. ಸ್ಪೇರ್ ಸೆಲ್ಫನ್ನು ಎಂಜಿನ್ ರೂಮಿನಲ್ಲಿ ಇಡಬೇಡಿ. ದಪ್ಪ ಪ್ಲಾಸ್ಟಿಕಿನಲ್ಲಿ ಸುತ್ತಿ, ಅದಕ್ಕೆ ಬೇಕಾದ ಬೋಲ್ಟ್, ತಗಡು, ಸ್ಪ್ಯಾನರ್ ಜೊತೆಗೇ ಕಟ್ಟಿ ವೀಲ್‌ಹೌಸಿನ ಒಣ ಪೆಟ್ಟಿಗೆಯಲ್ಲಿಡಿ, ಮತ್ತು ಪ್ರತಿ ಮಳೆಗಾಲದಲ್ಲಿ ಹೊರತೆಗೆದು ಒಮ್ಮೆ ತಿರುಗಿಸಿ ನೋಡಿ.